ಕಾಡಿಗೆಯ ಪಟ್ಟೆ

“ಇವಳ ಕೆನ್ನೆ ಮೇಲೆ ಪಟ್ಟೆ ಇಲ್ಲ. ಆಡೋ ಹಾಗಿಲ್ಲ,” ಎಂದರು ಪಂದ್ಯ ನಡೆಸುವ ಸಂಘದ ಕಾರ್ಯದರ್ಶಿ ವಸಂತಕುಮಾರ. ವಾಶಿಯ ಕಬಡ್ಡಿ ಫೈನಲ್‌ಗೆ ಇಳಿಯುವವರೆಲ್ಲ ವರ್ಣಭೇದದ ವಿರುದ್ಧ ಕೆನ್ನೆಗೆ ಕಾಡಿಗೆಯ ಪಟ್ಟೆ ಎಳೆದುಕೊಳ್ಳಲೇಬೇಕೆಂಬ ನಿಯಮ ಅವರದೇ.

“ಹಚ್ಕೊಂಡೀನ್ರಿ, ಸರ್,” ಎಂದಳು ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ ಲುಸಿಯಾ. ಹಚ್ಚಿದ್ದು ತಂಡದ ನಾಯಕಿ ಮಾನಸಿಯೇ; ಕಾಡಿಗೆ ಇನ್ನೂ ಅವಳ ಬೆರಳ ತುದಿಯಲ್ಲಿತ್ತು.

ವಸಂತಕುಮಾರ ನಂಬಲಿಲ್ಲ. ಕರವಸ್ತ್ರದಿಂದ ಲುಸಿಯಾಳ ಕೆನ್ನೆ ಉಜ್ಜಿ, ಬಟ್ಟೆಗೆ ಮೆತ್ತಿದ ಕಪ್ಪನ್ನು ನೋಡಿದರು. “ಹಚ್ಚಿದ್ದೀ, ಸರಿ. ಆದ್ರೆ ಫೋಟೊದಲ್ಲಿ ಕಾಣೋದಿಲ್ಲ ಮಾರಾಯ್ತಿ. ನೀನು ಹಿಂದೆ ನಿಲ್ಲು.”

ಲುಸಿಯಾ ಹಿಂದೆ ಸರಿದಳು. ಮಾನಸಿ ವಸಂತಕುಮಾರರ ಕೈಯಿಂದ ಕರವಸ್ತ್ರ ತೆಗೆದುಕೊಂಡು, ತನ್ನ ಕೆನ್ನೆಯ ಪಟ್ಟೆಯನ್ನು ನಿಧಾನವಾಗಿ ಒರೆಸಿಕೊಂಡು, ಬಟ್ಟೆ ಮಡಚಿ ವಾಪಸು ಕೊಟ್ಟಳು.

“ಈಗ ನಾನೂ ಆಡೋ ಹಾಗಿಲ್ಲ ಅಲ್ವಾ, ಅಂಕಲ್?”