ಹೇಳಿದ್ದೆ

ಮಧ್ಯಾಹ್ನದಿಂದ ಕುರಿ ಒದ್ದಾಡುತ್ತಿತ್ತು. ಮರಿಯ ಕಾಲು ಹೊರಗೆ ಬಂದಿತ್ತು, ತಲೆ ಮಾತ್ರ ಬರಲೊಲ್ಲದು. ಔರಾದದ ತವರಿನವರು ಲಗ್ನದಲ್ಲಿ ಮನಿಷಾಗೆ ಕೊಟ್ಟ ಕುರಿ ಅದು. ಕಮಠಾಣದ ಈ ಮನೆಯಲ್ಲಿ ಅವಳದೇ ಎನ್ನುವ ಜೀವ ಅದೊಂದೇ. ಗಂಡ ಭಾಲ್ಕಿ ಬಜಾರಿಗೆ ಹೋಗಿದ್ದ. ಬೀದರಿನಿಂದ ದನದ ಡಾಕ್ಟರು ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಉಳಿದವಳು ಅತ್ತೆ ಅಂಜನಾಬಾಯಿ.

ಈ ಅತ್ತೆಯ ಬಾಯಲ್ಲಿ ಭವಿಷ್ಯ ಬರುವುದೇ ಎಲ್ಲ ಆಗಿಹೋದ ಮೇಲೆ. ಹಾಲು ಉಕ್ಕಿದರೆ "ನಾ ಹೇಳಿದ್ದೆ". ಬಸ್ಸು ತಪ್ಪಿದರೂ ಅದೇ. ಪಕ್ಕದ ಶಾಲುಬಾಯಿಯ ಮಗಳು ಓಡಿಹೋದಾಗಲಂತೂ ಓಣಿಗೆಲ್ಲ ಕೇಳುವ ಹಾಗೆ "ನಾ ಹೇಳಿದ್ದೆ". ಯಾವಾಗ ಹೇಳಿದ್ದಳು, ಯಾರ ಮುಂದೆ? ಒಂದು ನರಪಿಳ್ಳೆಯೂ ಕೇಳಿಸಿಕೊಂಡಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಕುತೂಹಲ ಮನಿಷಾಳ ತಲೆ ತಿನ್ನುತ್ತಿತ್ತು.

"ಅತ್ತಿ, ಇವತ್ತರೆ ಮೊದಲ ಹೇಳ್ರಿ. ಮರಿ ಉಳೀತದೋ ಇಲ್ಲೋ?"

ಅಂಜನಾಬಾಯಿ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. "ಕುರಿ ಗಟ್ಟಿ ಹಿಡಿ."

"ಆದ ಮ್ಯಾಲ ಹೇಳಿದ್ದೆ ಅಂತೀರಿ. ಈಗ ಯಾಕ ಮಾತು ಬರವಲ್ದು?"

"ಹಿಡಿ ಅಂದ್ನಲ್ಲ."

ಮನಿಷಾ ಹಿಡಿದಳು. ಅತ್ತೆ ಕೈ ಒಳಗೆ ಹಾಕಿ, ಹಿಂದಕ್ಕೆ ಹೊರಳಿದ್ದ ತಲೆಯನ್ನು ಮೆಲ್ಲಗೆ ತಿರುಗಿಸಿ, ಮರಿಯನ್ನು ಎಳೆದು ತಂದಳು. ಅದು ಒದ್ದೆ ಚೀಲದ ಹಾಗೆ ಬಿತ್ತು. ಉಸಿರಿಲ್ಲ. ಅತ್ತೆಯ ಆ ಮಾತು ಈಗ ಬಂದೇ ಬರುತ್ತದೆ ಎಂದು ಮನಿಷಾ ಹಲ್ಲು ಕಚ್ಚಿ ಕೂತಳು. ಬಂದರೆ ಇವತ್ತು ತಾನೂ ಬಿಡುವವಳಲ್ಲ.

ಅತ್ತೆ ಮರಿಯ ಮೂಗಿನ ಲೋಳೆಯನ್ನು ಸೆರಗಿನಿಂದಲೇ ಒರೆಸಿದಳು. ಹಿಂಗಾಲು ಹಿಡಿದು ಜೋತಾಡಿಸಿದಳು. ಅದರ ಬಾಯಿಗೆ ಬಾಯಿ ಹಚ್ಚಿ ಊದಿದಳು, ಮತ್ತೆ ಊದಿದಳು. ಮನಿಷಾ "ಸಾಕು ಬಿಡ್ರಿ ಅತ್ತಿ" ಎಂದರೂ ಬಿಡದೆ ಊದಿದಳು. ಮರಿ ಸೀನಿತು.

ತಾಯಿಕುರಿ ಮರಿಯನ್ನು ನೆಕ್ಕತೊಡಗಿದಾಗ ಮನಿಷಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಈಗ ಅನ್ರಿ, ಉಳೀತದಂತ ನಾ ಹೇಳಿದ್ದೆ ಅಂತ."

"ಸಾಯ್ತದಂತ ಹೇಳಿದ್ದೆ," ಎಂದಳು ಅಂಜನಾಬಾಯಿ. "ಮನಸಿನ್ಯಾಗ."

"ಮತ್ತ ಬಾಯಿಬಿಟ್ಟು ಯಾಕ ಅನ್ಲಿಲ್ರಿ?"

ಅತ್ತೆ ಚೊಂಬೆತ್ತಿ ಬಾಯಿ ಮುಕ್ಕಳಿಸಿ ಉಗುಳಿದಳು.

"ಅಂದಿದ್ರ ಮತ್ತ ಊದ್ತಿದ್ನೇನು?"