ನೀಲಗಂಗಮ್ಮ ಕೂತರೆ ಏಳದ ಕಾರು

ನಾಲ್ಕನೇ ಸಲವೂ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಸ್ಟೇರಿಂಗ್ ಹಿಡಿದಿದ್ದ ನೀಲಗಂಗಮ್ಮ ಗಡಿಯಾರ ನೋಡಿದಳು. ಬೆಳಗಿನ ಎಂಟು ಗಂಟೆ. ಹನ್ನೊಂದಕ್ಕೆ ಕಲಬುರಗಿಯಲ್ಲಿ ಅವಳ ಡ್ರೈವಿಂಗ್ ಟೆಸ್ಟು. ಕಮಲಾಪುರದ ಅವರ ಮನೆಯಿಂದ ಒಂದು ಗಂಟೆಯ ದಾರಿ. ಕಲಿಕೆಯ ಲೈಸೆನ್ಸಿನ ಅವಧಿ ನಾಳೆಗೆ ಮುಗಿಯುತ್ತಿತ್ತು.

"ಇಳಿ, ನಾ ನೋಡ್ತೀನಿ," ಎಂದು ಗಂಡ ದೌಲಪ್ಪ ಬಂದು ಕೂತ. ಅವಳ ಚಾವಿ ಕಿತ್ತು ಅವಳ ಕೈಗೇ ಇಟ್ಟ, ಅಂಗಿಯ ಜೇಬಿನಿಂದ ತನ್ನದು ತೆಗೆದು ತಿರುವಿದ. ಕಾರು ಮರುಮಾತಿಲ್ಲದೆ ಚಾಲೂ ಆಯಿತು. "ನೋಡ್ದಿಲ್ಲ? ಮಾಲಕ ಯಾರಂತ ಗಾಡಿಗೂ ಗೊತ್ತಾಗ್ತದ," ಎಂದು ನಕ್ಕು ಮತ್ತೆ ಬಂದ್ ಮಾಡಿದ. ಮೂರು ದಿನದಿಂದ ಇದೇ ಆಟ. ದೌಲಪ್ಪನ ಹೆಂಡತಿ ಕೂತರೆ ಗಾಡಿ ಏಳುವುದಿಲ್ಲವಂತೆ ಎಂಬ ಸುದ್ದಿ ಆಗಲೇ ಬಸ್‌ಸ್ಟ್ಯಾಂಡಿನ ಚಾ ಅಂಗಡಿ ಮುಟ್ಟಿತ್ತು.

ಅವಳಿಗೇನೂ ಕಾರಿನ ಶೋಕಿ ಇರಲಿಲ್ಲ. ಆರು ಜನ ಹೆಂಗಸರನ್ನು ಕಟ್ಟಿಕೊಂಡು ದಿನಾ ಐದುನೂರು ಖಡಕ್ ರೊಟ್ಟಿ ಬಡಿಯುತ್ತಾಳೆ. ಅವು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಿಗೆ ಹೋಗಬೇಕು. ಬಸ್ಸಿನಲ್ಲಿ ಒಯ್ದರೆ ನೂಕುನುಗ್ಗಲಲ್ಲಿ ಅರ್ಧ ಪುಡಿಪುಡಿ; ಗಂಡನ ಕಾರಿನಲ್ಲಿ ಒಯ್ಯೋಣವೆಂದರೆ ಅವನ ಮರ್ಜಿ ಕಾಯಬೇಕು. ಅದಕ್ಕೇ ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಅವರ ಗಾಡಿಯಲ್ಲಿ ಚೆನ್ನಾಗಿಯೇ ಕಲಿತಳು. ಟೆಸ್ಟಿಗೆ ನಿಮ್ಮದೇ ಗಾಡಿ ತನ್ನಿ ಎಂದು ಅವರು ಹೇಳಿದ ಮೇಲೆ ಶುರುವಾದದ್ದು ಈ ಪೀಡೆ. ಗಾಡಿ ಚಾಲೂ ಮಾಡಲು ಗಂಡನನ್ನು ಕೂಗುವ ಹೆಂಗಸನ್ನು ಯಾವ ಸಾಹೇಬ ಪಾಸು ಮಾಡಿಯಾನು?

ನಸುಕಿನಲ್ಲೇ ಅವಳು ಫೋನು ಮಾಡಿ ಕರೆದಿದ್ದ ಮೆಕ್ಯಾನಿಕ್ ಸೊಹೇಲ್ ಅಷ್ಟರಲ್ಲಿ ಕಪನೂರಿನಿಂದ ಬೈಕಿನಲ್ಲಿ ಬಂದಿಳಿದ. ಗಡ್ಡ ಅರ್ಧ ನೆರೆತ ಮನುಷ್ಯ, ಮಾತು ಕಡಿಮೆ. ಬಾನೆಟ್ ಎತ್ತಿ ಬ್ಯಾಟರಿ ನೋಡಿದ, ಪ್ಲಗ್ ಬಿಚ್ಚಿ ನೋಡಿದ, ಹಿಂದಿನ ಸೀಟಿನ ಮೇಲೆ ಬಗ್ಗಿ ಪೆಟ್ರೋಲ್ ಪಂಪಿನ ಸದ್ದಿಗೆ ಕಿವಿ ಕೊಟ್ಟ. ಎಲ್ಲವೂ ಸರಿಯಾಗಿಯೇ ಇತ್ತು.

"ಸಾವಕಾರ್ರೇ, ಒಮ್ಮಿ ನೀವು ಚಾಲೂ ಮಾಡ್ರಿ." ಚಾಲೂ ಆಯಿತು. "ಬಂದ್ ಮಾಡ್ರಿ. ಈಗ ಅಕ್ಕಾ, ನೀವು." ಆಗಲಿಲ್ಲ.

ದೌಲಪ್ಪ ಗೆದ್ದವನಂತೆ ಮೀಸೆ ಸವರಿದ. ಸೊಹೇಲ್ ಮಾತ್ರ ಕಿಟಕಿಯೊಳಗೆ ತಲೆ ತೂರಿಸಿ ಮೀಟರನ್ನೇ ನೋಡುತ್ತಿದ್ದ. "ಅಕ್ಕಾ, ಇಲ್ಲಿ ಚಾವಿ ಚಿತ್ರದ್ದು ಸಣ್ಣ ಕೆಂಪು ದೀಪ ಮಿಣಕ್ ಮಿಣಕ್ ಅನ್ಲಾಕತ್ತದ. ಅವರು ಕುಂತಾಗ ಇದು ಇದ್ದಿಲ್ಲ."

"ಅಂದ್ರ ನಾ ಕುಂತಿದ್ದೇ ತಪ್ಪೇನು?" ಅವಳು ಕಾರಿನಿಂದ ಇಳಿದೇಬಿಟ್ಟಳು.

"ಕುಂತವರದು ತಪ್ಪಿಲ್ರೀ, ಚಾವೀದು. ಎರಡೂ ಚಾವಿ ಕೊಡ್ರಿ ಇತ್ತ."

ಎರಡನ್ನೂ ಅಂಗೈ ಮೇಲಿಟ್ಟುಕೊಂಡ. ದೌಲಪ್ಪನದು ಬರೀ ಚಾವಿ. ನೀಲಗಂಗಮ್ಮನದರ ಕಪ್ಪು ತಲೆಗೆ ತಾಮ್ರದ ತಗಡು ಸುತ್ತಿ, ಮೇಲೆ ಕೆಂಪು ದಾರ ಬಿಗಿದಿತ್ತು. ಮಂತ್ರಿಸಿದ ತಾಯತ. ಮೂರು ದಿನದ ಹಿಂದೆ ಚಾವಿ ಕೊಡುವಾಗ ದೌಲಪ್ಪ ಕಟ್ಟಿಯೇ ಕೊಟ್ಟಿದ್ದ. ಅಂತೂ ಮನಸಾರೆ ಒಪ್ಪಿದನಲ್ಲ ಎಂದು ಅವಳು ಅದನ್ನು ಕಣ್ಣಿಗೊತ್ತಿಕೊಂಡಿದ್ದಳು.

"ಚಾವಿ ತಲ್ಯಾಗ ಒಂದು ಚಿಪ್ ಇರ್ತದ," ಸೊಹೇಲ್ ಹೇಳಿದ. "ಯಾರವ್ವಾ ನೀ ಅಂತ ಗಾಡಿ ಕೇಳ್ತದ, ನಿಮ್ಮವಳೇ ಅಂತ ಚಿಪ್ ಹೇಳಬೇಕು. ಈ ತಾಮ್ರ ಅದರ ಬಾಯಿ ಮುಚ್ಚೇದ. ನಿಮ್ಮ ಗಾಡಿ ಮೂರು ದಿನದಿಂದ ನಿಮ್ಗ ಕಳ್ಳಿ ಅಂತ ತಿಳ್ಕೊಂಡದ ನೋಡ್ರಿ."

"ಅಯ್ ಶಿವನ!" ನೀಲಗಂಗಮ್ಮ ಗಂಡನ ಕಡೆ ತಿರುಗಿದಳು. "ಬ್ಯಾಡಂದ್ರ ಬ್ಯಾಡ ಅನ್ಬೇಕಿತ್ತು. ಹಿಂಗ್ಯಾಕ ಮಾಡಿದ್ರಿ?"

"ಚಿಪ್ಪು ಗಿಪ್ಪು ನಂಗೇನ್ ಗೊತ್ತು? ಖರೇ ಗೊತ್ತಿದ್ದಿಲ್ಲ." ದೌಲಪ್ಪನ ಮೀಸೆ ಇಳಿಯಿತು. "ಹ್ವಾದ ವರ್ಷ ಲಾರಿ ಕೆಳಗ ಹೋಗೋದು ನಾ ಒಂದು ಕೂದಲೆಳಿಯಾಗ ಉಳದೀನಿ. ಮನ್ಯಾಗ ಹೇಳಿಲ್ಲ. ನೀ ಗಾಡಿ ಹೊಡೀತೀನಿ ಅಂದಾಗಿಂದ ಅದೇ ಕಣ್ಣಿಗಿ ಕಾಣ್ತದ. ನಿನಗೇನರ ಆದ್ರ ನಾ ಏನ್ ಮಾಡ್ಲಿ? ಅದಕ್ಕ ಮಠದ ಅಯ್ಯನವರ ಬಲ್ಲಿ ಹೋಗಿ ತಾಯತ ಮಾಡಿಸ್ಕೊಂಡ್ ಬಂದೆ."

ಸೊಹೇಲ್ ಚಾವಿಯನ್ನು ಅವಳ ಕಡೆ ಚಾಚಿದ. "ನೀವೇ ಬಿಚ್ರಿ ಅಕ್ಕಾ. ನಂಬಿಕಿಲೆ ಕಟ್ಟಿದ್ದು, ನಾ ಮುಟ್ಟಂಗಿಲ್ಲ."

ಅವಳು ಹಲ್ಲಿನಿಂದ ಗಂಟು ಸಡಿಲಿಸಿ ದಾರ ಬಿಚ್ಚಿದಳು, ತಗಡು ಕಳಚಿದಳು. ಕೂತು ಚಾವಿ ತಿರುವಿದಳು. ಕೆಂಪು ದೀಪ ಒಂದು ಸಲ ಬೆಳಗಿ ಆರಿತು; ಕಾರು ಮೊದಲನೇ ಸಲಕ್ಕೇ ಎದ್ದಿತು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದರು. ನೀಲಗಂಗಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ದೌಲಪ್ಪ ಸುತ್ತಿ ಬಂದು, ಎಂದೂ ಕೂರದ ಎಡಗಡೆ ಸೀಟಿನಲ್ಲಿ ಕೂತ. ಕೂತವನೇ ಮೇಲಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡ. ಅವಳ ಮಡಿಲಲ್ಲಿದ್ದ ತಾಯತ ನೋಡಿ, "ಅದನ್ನ ಎಲ್ಲರ ಛಲೋ ಜಾಗಾದಾಗ ಇಡು. ಬಿಸಾಕಬ್ಯಾಡ," ಎಂದ.

"ಕೈ ಕೊಡ್ರಿ ಇಲ್ಲಿ."

ಹಿಡಿಕೆ ಬಿಡದ ಕೈಯನ್ನು ಅವಳೇ ಬಿಡಿಸಿ ಎಳೆದುಕೊಂಡು, ತಗಡು ಮಡಚಿ, ಮಣಿಕಟ್ಟಿಗೆ ಕೆಂಪು ದಾರ ಮೂರು ಸುತ್ತು ಸುತ್ತಿ ಗಂಟು ಹಾಕಿದಳು.

"ಹೆದರಿಕಿ ನಿಮಗದ, ನೀವೇ ಕಟ್ಕೋರಿ. ಈಗ ಬೆಲ್ಟ್ ಹಾಕ್ರಿ, ಹೋಗೂಣು."