ಆರು ಮುಟ್ಟಿದರೆ ಎಣ್ಣೆ

ಲಕ್ಷ್ಮೇಶ್ವರದ ರೇಷನ್ ಅಂಗಡಿಯಲ್ಲಿ ಮಂಗಳವಾರ ಗಾಂಜಾ ಎಣ್ಣೆ ಕೊಡುವ ದಿನ. ನೋವು ಅಳೆಯುವ ಯಂತ್ರದ ಮೇಲೆ ಬೆರಳಿಟ್ಟಾಗ ಅಂಕಿ ಆರು ಮುಟ್ಟಿದ ರೋಗಿಗಳಿಗೆ ಮಾತ್ರ ಸರ್ಕಾರ ಒಂದು ಬಾಟಲಿ ಕೊಡುತ್ತಿತ್ತು. ದ್ಯಾಮಣ್ಣ ಮೊದಲ ಸಲ ಹೆಂಡತಿಯನ್ನು ಕರೆತಂದಿದ್ದ. ಮೂಳೆಯ ಕ್ಯಾನ್ಸರು ನೀಲವ್ವನನ್ನು ಹಿಡಿಯಷ್ಟು ಮಾಡಿತ್ತು. ಒಂದು ಕೈಯಲ್ಲಿ ಗಂಡನ ಕೈ ಹಿಡಿದುಕೊಂಡೇ ಅವಳು ಬೆರಳಿಟ್ಟಳು. ಯಂತ್ರ ನಾಲ್ಕು ತೋರಿಸಿತು.

"ನಾಕಕ್ಕ ಎಣ್ಣಿ ಬರಂಗಿಲ್ರೀ," ಎಂದಳು ಅಂಗಡಿಯ ಮಮ್ತಾಜ್. ಆಮೇಲೆ ಅವರ ಕೈಗಳತ್ತ ನೋಡಿ ದನಿ ತಗ್ಗಿಸಿದಳು. "ಕಾಕಾ, ನೀವು ಕೈ ಹಿಡಕೊಂಡ್ರ ಅವ್ರಿಗೆ ನೋವು ಕಮ್ಮಿ ಆಗ್ತೈತಿ. ಭಾಳ ಮಂದಿಗೆ ಹಿಂಗ ಆಗ್ತೈತಿ. ಸ್ವಲ್ಪ ಹೊರಗ ನಿಂದರ್ರಿ."

ದ್ಯಾಮಣ್ಣನಿಗೆ ಬಿಡಲು ಮನಸ್ಸಾಗಲಿಲ್ಲ. ನೀಲವ್ವನೇ ಕೈ ಬಿಡಿಸಿಕೊಂಡಳು. "ಹೋಗ್ರಿ, ನನಗ ನಿದ್ದಿ ಬಂದು ಎಂಟು ದಿನ ಆತು."

ಅವನು ಹೊರಗೆ ಹೋಗಿ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತ. ಅವಳು ಮತ್ತೆ ಬೆರಳಿಟ್ಟಳು. ಅಂಕಿ ಅವನ ಕಣ್ಣೆದುರೇ ಏರುತ್ತಾ ಹೋಗಿ ಒಂಬತ್ತಕ್ಕೆ ನಿಂತಿತು.

ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನೀಲವ್ವ ಹೊರಬಂದಳು.

"ಎಷ್ಟು ತೋರಿಸ್ತು?" ಎಂದು ಕೇಳಿದ ದ್ಯಾಮಣ್ಣ.

"ಆರು ನೋಡ್ರಿ. ಸ್ವಲ್ಪದರಾಗ ಪಾಸಾದೆ," ಎಂದು ಅವಳು ನಕ್ಕಳು.

"ಅಷ್ಟ ಏನು? ಛಲೋ ಆತು ಬಿಡು," ಎಂದ ಅವನು, ಆಟೋ ಕರೆಯುವ ನೆಪದಲ್ಲಿ ಮುಖವನ್ನು ರಸ್ತೆಯತ್ತ ತಿರುಗಿಸಿಕೊಂಡು.